ನಡಾವಳಿಯಲ್ಲಿ ಬರೆಯದೆ ಬಿಟ್ಟದ್ದು

ಸ್ಥಳ: ಮುಚ್ಚಿದ ಕಾಗದ ಗಿರಣಿಯ ಊಟದ ಮನೆ.
ಹಾಜರಿದ್ದವರು: ಮೂವತ್ತೊಂದು ಮಂದಿ.
ಇಷ್ಟನ್ನು ಬರೆದೆ. ಹತ್ತೊಂಬತ್ತು ವರ್ಷ ಕಾರ್ಯದರ್ಶಿಯಾಗಿ
ನಾನು ಬರೆದದ್ದೆಲ್ಲ ಇಂಥದೇ:
ಯಾರು ಸೂಚಿಸಿದರು, ಯಾರು ಅನುಮೋದಿಸಿದರು,
ಕ್ರಿಸ್‌ಮಸ್ ದೀಪಕ್ಕೆ ಎಷ್ಟು ಖರ್ಚು.

ಬರೆಯದೆ ಬಿಟ್ಟದ್ದು ಇದು.

ಹೊಳೆಯ ಈ ದಡ ಪೋರ್ಟ್ ಎಲ್ಡನ್, ಆ ದಡ ಸೇಂಟ್ ಒದಾರ್.
ಇಲ್ಲಿ ಇಂಗ್ಲಿಷು, ಅಲ್ಲಿ ಅಕೇಡಿಯನ್ನರ ಫ್ರೆಂಚು,
ನಡುವೆ ಆರುನೂರು ಅಡಿ ನೀರು, ಒಂದು ಸೇತುವೆ.
ಗಿರಣಿ ಇದ್ದಾಗ ಅದರ ಸಿಳ್ಳಿಗೆ ಎರಡೂ ಊರು ಏಳುತ್ತಿದ್ದವು,
ಅದರ ನಾತ ಎರಡೂ ಊರಿನ ಒಗೆದ ಬಟ್ಟೆಗೆ ಹತ್ತುತ್ತಿತ್ತು;
ವರ್ತಕರ ಸಂಘ ಮಾತ್ರ ಎರಡು.
ಎರಡು ಮೊಹರು, ಎರಡು ಪಾಸ್‌ಬುಕ್ಕು,
ಪ್ರವಾಸಿಗಳಿಗೆ ಹಂಚಲು ಎರಡು ನಕಾಶೆ.
ನಮ್ಮದರಲ್ಲಿ ಹೊಳೆ ಬಂದಲ್ಲಿಗೆ ಕಾಗದ ಮುಗಿಯುತ್ತಿತ್ತು,
ಅವರದರಲ್ಲಿ ನಾವು ಬರೀ ತಿಳಿಹಸಿರು ಬಯಲು.
ಜುಲೈ ಮೂರನೆಯ ಶನಿವಾರ ಅವರು ಹೆರಿಂಗ್ ಮೀನಿನ ಸಂತೆ ಇಟ್ಟರೆ
ಅದೇ ಶನಿವಾರ ನಾವು ಹಳೆ ಕಾರುಗಳ ಮೆರವಣಿಗೆ.
ಎತ್ತು ಏರಿಗೆ, ಕೋಣ ನೀರಿಗೆ.

ಗಿರಣಿ ನಿಂತ ಮೇಲೆ ಚಂದಾ ಕೊಡುವವರು
ನಮ್ಮಲ್ಲಿ ಹದಿನೇಳು, ಅವರಲ್ಲಿ ಹದಿನಾಲ್ಕು.
ದೋಣಿಕಟ್ಟೆ ರಿಪೇರಿಗೆ ಎರಡೂ ಸಂಘ ಅರ್ಜಿ ಹಾಕಿದಾಗ
ಫ್ರೆಡೆರಿಕ್ಟನ್ನಿನ ಕಚೇರಿಯಿಂದ ಬಂದದ್ದು ಒಂದೇ ಪತ್ರ,
ವಿಳಾಸವಷ್ಟೇ ಬೇರೆ, ಅಕ್ಷರದ ತಪ್ಪೂ ಅದೇ:
ನಿಮ್ಮ ನೆರೆಯವರನ್ನು ಒಮ್ಮೆ ಕೇಳಿ ನೋಡಿ.

ಹೆಸರಿನ ಜಗಳ ಒಂದು ಗಂಟೆ ನಲವತ್ತು ನಿಮಿಷ.
(ನಡಾವಳಿಯಲ್ಲಿ: "ಹೆಸರಿನ ಬಗ್ಗೆ ಚರ್ಚಿಸಲಾಯಿತು.")
ಎಲ್ಡನ್ ಮುಂದಾದರೆ ಅವರು ಬಾಲ, ಒದಾರ್ ಮುಂದಾದರೆ ನಾವು.
ಬೀಗದಂಗಡಿಯ ರೋಸೇರ್ ಲಾಂದ್ರಿ ಎದ್ದು ನಿಂತ.
"ಐವತ್ತೆಂಟರಲ್ಲಿ ನಮ್ಮಪ್ಪನ ಅಂಗಡಿಯ ಗಾಜು ಒಡೆದದ್ದು
ನಿಮ್ಮ ದಡದವರು."
ಯಾರೂ ಕೆಮ್ಮಲಿಲ್ಲ.

ಹಿಂದಿನ ಸಾಲಿನಲ್ಲಿ ಹ್ಯೂ ಮ್ಯಾಕಲಿಸ್ಟರ್,
ಮರಮುಟ್ಟಿನ ವ್ಯಾಪಾರಿ, ಎಂಬತ್ತೊಂದು ವರ್ಷ, ಕಿವಿ ಮಂದ,
ಕುರ್ಚಿ ಹಿಡಿದು ಎದ್ದ.
"ಕಲ್ಲು ನನ್ನದು. ಆಗ ಹದಿನಾಲ್ಕು ನನಗೆ.
ಹೊಸ ಗಾಜನ್ನು ನಿಮ್ಮಪ್ಪ ನಮ್ಮ ಅಂಗಡಿಯಿಂದಲೇ ಒಯ್ದ.
ನಮ್ಮಪ್ಪ ಪೂರಾ ದುಡ್ಡು ತೆಗೆದುಕೊಂಡ."

ಪೆನ್ನು ಎತ್ತಿದೆ, ಇಳಿಸಿದೆ.
ಯಾವ ಕಲಮಿನ ಕೆಳಗೆ ಬರೆಯಲಿ ಇದನ್ನು?
ಹಳೆ ಬಾಕಿ? ಇತರೆ ವಿಷಯ?

ರೋಸೇರ್ ಕುಳಿತ. ಎಷ್ಟೋ ಹೊತ್ತಿಗೆ, "ಎಷ್ಟಾಗಿತ್ತು?" ಅಂದ.
ಹ್ಯೂಗೆ ಕೇಳಿಸಲಿಲ್ಲ.
ಮತ್ತೆ ಕೇಳಲು ಹೋಗಲಿಲ್ಲ ರೋಸೇರ್,
ಎದ್ದು ಹೋಗಿ ಅವನಿಗೊಂದು ಕಾಫಿ ತಂದುಕೊಟ್ಟ,
ಸಕ್ಕರೆ ಮರೆತು.

ಕೊನೆಗೆ ಹೊಳೆಯ ಹೆಸರನ್ನೇ ಸಂಘಕ್ಕಿಟ್ಟರು.
ಅದು ನಮ್ಮಿಬ್ಬರಿಗೂ ಮೊದಲೇ ಇಲ್ಲಿದ್ದ ಮಿಗ್‌ಮಾ ಜನರ ಮಾತು.
ಅವರಲ್ಲಿ ಒಬ್ಬರಿಗೂ ಸಭೆಯ ನೋಟೀಸು ಹೋಗಿರಲಿಲ್ಲ;
ಕಳಿಸಬೇಕಾದವಳು ನಾನು.

ಪರ ಇಪ್ಪತ್ತೆರಡು, ವಿರುದ್ಧ ಎಂಟು, ಖಾಲಿ ಚೀಟಿ ಒಂದು.
ಖಾಲಿಯದು ನನ್ನದು.
ಹೊಲಿಗೆ ನನ್ನ ಕಸುಬು; ಎರಡೂ ಸಂಘದ ಬಾವುಟ
ವರ್ಷ ವರ್ಷ ಹೊಲಿದವಳು ನಾನೇ,
ಒಂದು ಊರಿಗೆ ತಿಳಿದು, ಇನ್ನೊಂದಕ್ಕೆ ತಿಳಿಯದೆ.
ಇನ್ನು ಒಂದೇ ಬಾವುಟ.

ರಾತ್ರಿ ಮೇಜಿನ ಮೇಲೆ ಎರಡೂ ನಕಾಶೆ ಹರಡಿ
ಅಂಚಿಗೆ ಅಂಚು ಕೂಡಿಸಿದೆ. ಅಳತೆ ಬೇರೆ ಬೇರೆ.
ಸೇತುವೆ ಒಂದು ಬೆರಳು ತಪ್ಪಿ
ನೀರಿನೊಳಗೆ ಇಳಿಯುತ್ತದೆ.
ಜಗ್ಗಿ ಹೊಲಿದರೆ ಸುಕ್ಕು, ಬಿಟ್ಟು ಹೊಲಿದರೆ ಕಿಂಡಿ.
ಗುಂಡುಪಿನ್ನು ಚುಚ್ಚಿ ಹಾಗೇ ಇಟ್ಟಿದ್ದೇನೆ.

ಮುಂದಿನ ಸಭೆ: ಮಾರ್ಚ್ ಒಂಬತ್ತು.
ಗಿರಣಿಯನ್ನು ಫೆಬ್ರವರಿಯಲ್ಲಿ ಕೆಡವುತ್ತಾರೆ.
ಸ್ಥಳ: