ಅಯಸ್ಕಾಂತ

ಇನ್ವರ್‌ಕಾರ್ಗಿಲ್ಲಿನ ಗಾಳಿಗೆ ಉಪ್ಪಿನ ಹಲ್ಲು.
ಅದಕ್ಕೇ ಫ್ರಿಜ್ಜಿನ ಬಾಗಿಲಿಂದ
ಪೆಂಗ್ವಿನ್ ಚಿತ್ರದ ಅಯಸ್ಕಾಂತ ಕಿತ್ತು
ಜೇಬಿಗೆ ಹಾಕಿಕೊಂಡು ಹೋದೆ.

ತೊಂಬತ್ತೈದರ ಮಾಜ್ದಾ. ಎರಡೇ ಸೀಟು.
ಮೈಯೆಲ್ಲ ಕೆಂಪು, ಬಾನೆಟ್ ಮಾತ್ರ
ಬಿಸಿಲಿಗೆ ಸುಲಿದ ಮೂಗು.
ಟವೀಟಾ ಬೆಲೆ ಹೇಳಿ ತಾನೇ ನಾಚಿಕೊಂಡ.

ಬಾಗಿಲ ಕೆಳಗೆ ಮಂಡಿಯೂರಿದೆ.
ಪೆಂಗ್ವಿನ್ ಹಿಡಿಯಿತು, ಹಿಡಿಯಿತು, ಹಿಡಿಯಿತು,
ಹಿಂದಿನ ಚಕ್ರದ ಬಳಿ ಬಂದದ್ದೇ
ಕೈಬಿಟ್ಟು ಹುಲ್ಲಿಗೆ ಬಿತ್ತು.
ಬಣ್ಣದಡಿ ಕಬ್ಬಿಣವಿಲ್ಲ, ಬರೀ ಲಪ್ಪ.
'ಮಗಳು ಗೇಟಿಗೆ ಗುದ್ದಿದ್ದು,' ಅಂದ,
'ಹದಿನೇಳಿದ್ದಾಗ. ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾಳೆ, ಇನ್ನೂ.'

ಅಕ್ಕ ಗ್ಲೆನಿಸ್ ಮೊದಲೇ ಹೇಳಿದ್ದಳು: ಕೊರೊಲ್ಲಾ ತಗೋ.
ಅಗ್ಗಕ್ಕೆ ಹೋದರೆ ಮುಗ್ಗಿದ ಜೋಳವೇ ಗತಿ.
ಬೆಳಗಿನ ಐದಕ್ಕೆ ಆಸ್ಪತ್ರೆಯ ಲಾಂಡ್ರಿಗೆ ಹೋಗುವವಳಿಗೆ
ಯಾಕೆ ಈ ಶೋಕಿ?
ನಾಯಿ ಎಲ್ಲಿ ಕೂರಬೇಕು? ಆಲೂಗಡ್ಡೆ ಚೀಲ ಎಲ್ಲಿ?

ನಾಯಿ ಪಕ್ಕದಲ್ಲಿ.
ಚೀಲ ನಾಯಿಯ ಕಾಲಡಿ.

ಓಡಿಸಿ ನೋಡಿದೆ. ತಣ್ಣಗಿರುವಾಗ
ಎರಡನೇ ಗೇರಿಗೆ ಮುನಿಸು, ಬಿಸಿಯಾದ ಮೇಲೆ ಬೆಣ್ಣೆ.
ಬ್ಲಫ್ ಕಡೆಯ ತಿರುವಿನಲ್ಲಿ
ಮುಳ್ಳು ಎಪ್ಪತ್ತನ್ನೂ ದಾಟಿರಲಿಲ್ಲ,
ಆದರೂ ಐವತ್ತೆರಡು ವರ್ಷದ ನನ್ನ ಬೆನ್ನು
ನೆಟ್ಟಗೆ ಎದ್ದು ಕೂತು
ಯಾರದು, ಅಂತ ಕೇಳಿತು.

ಲಪ್ಪದ ಲೆಕ್ಕಕ್ಕೆ ಇನ್ನೂರು ಡಾಲರ್ ಇಳಿಸಿದ.
ಗೇಟಿನ ಕತೆ ಯಾರಿಗೂ ಹೇಳಬೇಡ ಅಂದ.

ಡ್ಯಾಶ್‌ಬೋರ್ಡು ಪ್ಲಾಸ್ಟಿಕ್ಕು, ಪೆಂಗ್ವಿನ್ ಅಂಟುವುದಿಲ್ಲ.
ಬೂದಿಬಟ್ಟಲಲ್ಲಿ ಮಲಗಿ
ತಿರುವು ಬಂದಾಗಲೆಲ್ಲ ಟಕ್ ಅನ್ನುತ್ತದೆ.
ಅದು ಹಿಡಿದುಕೊಂಡಿದ್ದ ಕರೆಂಟ್ ಬಿಲ್ಲು
ಫ್ರಿಜ್ಜಿನ ಹಿಂದೆ ಎಲ್ಲಿ ಜಾರಿದೆಯೋ,
ಇನ್ನೂ ಹುಡುಕಿಲ್ಲ.