ದಂಡೆಯಲ್ಲಿ ಸ್ಕ್ಯಾನಿಂಗ್

ಜನರೇಟರಿನ ಹಗ್ಗ ಮೂರು ಸಲ ಎಳೆಯಬೇಕಾಯಿತು.
ಆಲ್ಬರ್ಟ್ ಸರೋವರದ ದಂಡೆ, ಮೀನು ಒಣಗುವ ವಾಸನೆ,
ಆಚೆಗೆ ಕಾಂಗೋದ ನೀಲಿ ಬೆಟ್ಟ.
ಶಾಲೆಯ ಬೆಂಚಿನ ಮೇಲೆ ಒನೆನ್‌ಚಾನ್ ಮಲಗಿದ್ದಾನೆ.
ಹೊಟ್ಟೆ ಡೋಲಿನಂತೆ ಬಿಗಿ,
ಕೈಕಾಲು ದೋಣಿಯ ಹುಟ್ಟಿನಷ್ಟೇ ಸಪೂರ.
ಜೆಲ್ ತಣ್ಣಗಿದೆ ಎಂದು ನಗುತ್ತಾನೆ.
ಮೊನ್ನೆ ರಾತ್ರಿ ಬಲೆ ಎಳೆಯುವಾಗ ರಕ್ತ ಕಾರಿದ್ದನ್ನು
ಬೇರೆ ಯಾರದೋ ಸುದ್ದಿಯಂತೆ ಹೇಳುತ್ತಾನೆ.

ಪರದೆಯ ಮೇಲೆ ಅವನ ಲಿವರ್.
ನಾಳಗಳ ಸುತ್ತ ಬಿಳಿ, ಬರೀ ಬಿಳಿ,
ಸುಣ್ಣ ಹೊಡೆದ ಪೌಳಿಗಳ ಹಾಗೆ.

‘ಹುಳು ಎಲ್ಲಿದೆ, ತೋರಿಸು’ ಅಂದ.

ಹುಳು ಕಾಣುವುದಿಲ್ಲ ಒನೆನ್‌ಚಾನ್.
ನಿನ್ನದೇ ರಕ್ತದ ಚೂರುಪಾರು ಮೈಗೆ ಮೆತ್ತಿಕೊಂಡು
ಮನೆಯವನ ಹಾಗೆ ಓಡಾಡುತ್ತದೆ.
ಗಂಡು ತನ್ನ ಮೈಯ ಮಡಿಕೆಯಲ್ಲಿ ಹೆಣ್ಣನ್ನಿಟ್ಟುಕೊಂಡು
ವರ್ಷಗಟ್ಟಲೆ ಸಂಸಾರ, ಸದ್ದಿಲ್ಲ, ಜಗಳವಿಲ್ಲ.
ಯಾವ ಕಾವಲಿನವನೂ ತಡೆದು
ನಿನ್ನ ಊರು ಯಾವುದೆಂದು ಕೇಳುವುದಿಲ್ಲ.

ತಂಟೆಯೆಲ್ಲ ತತ್ತಿಗಳದ್ದು.
ದಿನಕ್ಕೆ ನೂರಾರು. ಕೆಲವು ದಾರಿ ಮಾಡಿಕೊಂಡು
ಸರೋವರಕ್ಕೆ ಮರಳುತ್ತವೆ, ಬಸವನಹುಳುವಿನ ಮನೆ ಹುಡುಕುತ್ತ.
ಉಳಿದವು ತೇಲಿಬಂದು ಇಲ್ಲಿ ಸಿಕ್ಕಿಬೀಳುತ್ತವೆ,
ಪಕ್ಕೆಯಲ್ಲೊಂದು ಮುಳ್ಳು ಹೊತ್ತು.
ಆಗ ಏಳುತ್ತಾರೆ ನಿನ್ನ ಕಾವಲಿನವರು.
ಒಂದು ತತ್ತಿಗೆ ಊರಿಗೆ ಊರೇ.
ಸುತ್ತುವರಿ ಎಂದು ಒಬ್ಬ, ಕಲ್ಲು ತಾ ಎಂದು ಇನ್ನೊಬ್ಬ,
ಒಳಗಿನದು ಸತ್ತು ಎಷ್ಟು ದಿನವಾದರೂ
ಗೋಡೆಯ ಕೆಲಸ ನಿಲ್ಲುವುದಿಲ್ಲ.

ಬೇಲಿ ಎದ್ದು ಹೊಲ ಮೇಯಲಿಲ್ಲ ಇಲ್ಲಿ.
ಬೇಲಿ ಬೆಳೆಯಿತು, ಅಷ್ಟೆ,
ಹೊಲಕ್ಕೆ ಜಾಗವೇ ಉಳಿಯದಷ್ಟು.

ಅವರನ್ನು ಬೈಯಲೂ ಆರೆ.
ಗೋಡೆಯೇ ಏಳದಿದ್ದರೆ
ತತ್ತಿಯ ನಂಜು ನಿನ್ನನ್ನು ಎಂದೋ ತಿನ್ನುತ್ತಿತ್ತು.

ಇಷ್ಟೆಲ್ಲ ನಾನು ಅವನಿಗೆ ಹೇಳಲಿಲ್ಲ.
ಹೇಳಿದ್ದು ಎರಡು ಮಾತು:
ಮಾತ್ರೆ ಹುಳುವನ್ನು ಕೊಲ್ಲುತ್ತದೆ.
ಕಟ್ಟಿದ ಗೋಡೆಯನ್ನು ಕೆಡವುವುದಿಲ್ಲ.

ಅವನು ಕೊಂಚ ಹೊತ್ತು ಮಾಡಿನ ತಗಡು ನೋಡಿದ.
‘ಕಟ್ಟಿದವರು ಯಾರು?’
ನಾನು ಹೊಟ್ಟೆಯ ಮೇಲಿನ ಜೆಲ್ ಒರೆಸುತ್ತಿದ್ದೆ.
‘ಹಾಗಾದರೆ ನಮ್ಮವರೇ’ ಅಂದ.

ಹೊರಗೆ ಮಾತ್ರೆಯ ಸಾಲು.
ಗೆರೆ ಎಳೆದ ಕೋಲು ಗೋಡೆಗೆ ಆನಿಸಿದೆ:
ಎಷ್ಟು ಎತ್ತರವೋ ಅಷ್ಟು ಮಾತ್ರೆ.
ಅವನ ಮಗಳು ಮುಂಗುಚಿ ಎರಡನೆಯ ಗೆರೆ ಮುಟ್ಟಲು
ಹಿಮ್ಮಡಿ ಎತ್ತಿ ನಿಂತಿದ್ದಾಳೆ.

ಕಾಲು ಊರಿ ನಿಲ್ಲು ಮಗೂ ಅಂದೆ.
ಊರಿದಳು.
ಸಿಮೆಂಟಿನ ಮೇಲೆ ಎರಡು ಒದ್ದೆ ಪಾದ,
ಬೆರಳ ಸಂದಿಯಲ್ಲಿ ಇನ್ನೂ ಆರದ
ಸರೋವರದ ಕೆಸರು.