ಒಂದು ಪೆಸೊಗೆ ಐದು ನಿಮಿಷ

ನನ್ನ ಅಂಗಡಿಯಲ್ಲಿ ಆರು ಕಂಪ್ಯೂಟರು,
ಒಂದೊಂದಕ್ಕೂ ಪ್ಲೈವುಡ್ಡಿನ ಹಸಿರು ಪೆಟ್ಟಿಗೆ,
ಪೆಟ್ಟಿಗೆಗೊಂದು ಸೀಳು ಬಾಯಿ.
ಪೆಸೊ ನುಂಗಿದರೆ ಐದು ನಿಮಿಷ ಕಣ್ಣು ಬಿಡುತ್ತದೆ,
ಆಮೇಲೆ ಹೇಳದೆ ಕೇಳದೆ ಮುಚ್ಚಿಕೊಳ್ಳುತ್ತದೆ.
ಇಲೊಯ್ಲೊದ ಈ ಓಣಿಯಲ್ಲಿ
ಸಾಲ ಕೊಡದ ವಸ್ತು ಅದೊಂದೇ.
ನಾನು ಕೊಡುತ್ತೇನೆ.

ಜೊವೆಲಿನ್ ಬರುವುದು ರಾತ್ರಿ ಪಾಳಿ ಮುಗಿಸಿ,
ಬೆಳಿಗ್ಗೆ ಏಳೂವರೆಗೆ,
ಬಿಳಿ ಬೂಟು ಪ್ಲಾಸ್ಟಿಕ್ ಚೀಲದಲ್ಲಿ, ಕಾಲಿಗೆ ರಬ್ಬರ್ ಚಪ್ಪಲಿ,
ಮುಷ್ಟಿಯಲ್ಲಿ ಜೀಪ್ನಿಯವನು ಕೊಟ್ಟ ಚಿಲ್ಲರೆ.
ನಾಲ್ಕನೆಯದೇ ಬೇಕು. ಅದರ ಕೀಲಿಮಣೆಯಲ್ಲಿ
'ಎನ್' ಅಳಿಸಿಹೋಗಿದೆ, ಆದರೆ ಮೇಲಿನ ಫ್ಯಾನು ತಿರುಗುತ್ತದೆ.
ನಾಣ್ಯಗಳನ್ನು ಹತ್ತರ ಕಂಬವಾಗಿ ಪೇರಿಸಿ ಕೂರುತ್ತಾಳೆ.
ಪಕ್ಕದಲ್ಲಿ ಶಾಲೆ ತಪ್ಪಿಸಿದ ಹುಡುಗರು
"ಹೊಡಿ, ಹೊಡಿ, ಸತ್ತ!" ಎಂದು ಕಿರುಚುವಾಗ
ಇವಳು ಪರದೆಯ ಮೇಲೆ
ಯಾರನ್ನೋ ಬದುಕಿಸುತ್ತಿರುತ್ತಾಳೆ.

ಅಮೆರಿಕದ ನರ್ಸ್ ಲೈಸೆನ್ಸು. ಮನಿಲಾದಲ್ಲಿ ಪರೀಕ್ಷೆ.
ಸರಿ ಹೇಳಿದರೆ ಮುಂದಿನ ಪ್ರಶ್ನೆ ಇನ್ನೂ ಕಷ್ಟವಂತೆ,
ತಪ್ಪಿದರೆ ಸುಲಭವಂತೆ.
"ಹಾಗಾದರೆ ಸುಲಭ ಅನ್ನಿಸಿದಾಗ ಹೆದರಬೇಕೇನು?" ಅಂದೆ.
"ಹೌದು ಮನೊಂಗ್. ಅಳು ಬಂದರೆ ಒಳ್ಳೆಯದು."
ಎಂಬತ್ತೈದಕ್ಕೂ ನಿಲ್ಲಬಹುದು, ನೂರೈವತ್ತಕ್ಕೂ.
ಯಂತ್ರಕ್ಕೆ ನಂಬಿಕೆ ಬಂದ ಗಳಿಗೆ
ಪರದೆ ಕಪ್ಪಾಗುತ್ತದೆ.
ಯಾವ ನಂಬಿಕೆ ಎಂದು ಆಗ ಹೇಳುವುದಿಲ್ಲ.

ಒಂದು ಪ್ರಶ್ನೆಯನ್ನು ನನಗೂ ಓದಿ ಹೇಳಿದಳು:
ನಾಲ್ವರು ರೋಗಿಗಳು. ಮೊದಲು ಯಾರ ಬಳಿ ಹೋಗುತ್ತೀರಿ?
ಒಬ್ಬ ನೋವೆಂದು ಕೂಗುತ್ತಿದ್ದಾನೆ,
ಒಬ್ಬಳಿಗೆ ಮನೆಗೆ ಹೋಗುವ ಚೀಟಿ ಬೇಕು,
ಒಬ್ಬನ ಸಲೈನು ಮುಗಿಯುತ್ತ ಬಂದಿದೆ,
ಒಬ್ಬ ಈಗಷ್ಟೇ ಸುಮ್ಮನಾಗಿದ್ದಾನೆ.
ಅಳುವ ಕೂಸಿಗೆ ಹಾಲು, ಇದರಲ್ಲೇನಿದೆ ಎಂದು
ಕೂಗುವವನ ಮೇಲೆ ಬೆರಳಿಟ್ಟೆ.
ತಪ್ಪು. ಕೆಂಪು ಗೆರೆ.
"ಕೂಗುವವನಿಗೆ ಉಸಿರಿದೆ, ಮನೊಂಗ್."

ಅವಳ ವಾರ್ಡಿನಲ್ಲಿ ನಾಲ್ವರಲ್ಲ, ನಲವತ್ತಾರು.
ಒಂದು ಮಂಚಕ್ಕೆ ಇಬ್ಬರು, ಇವನ ತಲೆಗೆ ಅವನ ಕಾಲು.
ಯಂತ್ರವಿಲ್ಲದ ಕಡೆ ಮಗನೊಬ್ಬ
ಬೆಳಗಿನವರೆಗೂ ಕೈಯಲ್ಲೇ ಗಾಳಿಚೀಲ ಒತ್ತುತ್ತಾನೆ.
ಪರೀಕ್ಷೆಯ ಆಸ್ಪತ್ರೆಯಲ್ಲೋ
ಕೈಗವಸು ಯಾವತ್ತೂ ಮುಗಿದಿರುವುದಿಲ್ಲ,
ಕರೆದರೆ ಡಾಕ್ಟರು ಫೋನೆತ್ತುತ್ತಾರೆ.
ಅದರೊಳಗೆ ನಡೆಯಬೇಕಾದರೆ
ಇಲ್ಲಿ ಬಲ್ಲದ್ದನ್ನು ಬಾಗಿಲಲ್ಲೇ
ಚಪ್ಪಲಿಯ ಹಾಗೆ ಬಿಡಬೇಕು.
"ಇದ್ದುದರಲ್ಲೇ ಹೇಗೋ ಮಾಡು ಅನ್ನುವ ಉತ್ತರ
ಎ, ಬಿ, ಸಿ, ಡಿ ಯಾವುದರಲ್ಲೂ ಇಲ್ಲ," ಎಂದು ನಕ್ಕಳು.
ನಗುವಾಗಲೇ ಪರದೆ ಆರಿತು. ಕಂಬ ಮುಗಿದಿತ್ತು.
ನನ್ನ ಡಬ್ಬಿಯಿಂದ ಒಂದು ಹಾಕಿದೆ.

ಆಗಸ್ಟಿನ ಒಂದು ಮಂಗಳವಾರ
ಪೊಟ್ಯಾಸಿಯಂ ಲೆಕ್ಕದ ನಡುವೆ
ಕುರ್ಚಿ ತಿರುಗಿಸಿದಳು. ನಿಮಿಷ ಓಡುತ್ತಿತ್ತು.
"ಎಡಗಾಲು ಯಾಕೆ ಎಳೆಯುತ್ತೀರಿ?"
ಎಳೆಯುವುದಿಲ್ಲ ಅಂದೆ.
"ಕಾಲುಚೀಲ ಬಿಚ್ಚಿ."
ಇಂಥ ಸೆಕೆಯಲ್ಲಿ ಕಾಲುಚೀಲ ಹಾಕುವ ಮುದುಕ
ಏನನ್ನೋ ಮುಚ್ಚಿಡುತ್ತಾನೆಂದು
ಅವಳಿಗೆ ಯಾವ ಪುಸ್ತಕ ಹೇಳಿತೋ.
ಹೆಬ್ಬೆರಳ ಕೆಳಗೆ ನಾಣ್ಯದಗಲ ಹುಣ್ಣು.
ನೋವಿರಲಿಲ್ಲ, ಅದಕ್ಕೇ ಸುಮ್ಮನಿದ್ದೆ.
"ನೋವಿಲ್ಲ ಅಂದರೇ..." ಅಂದಳು, ಮುಂದೆ ಹೇಳಲಿಲ್ಲ.
ಅವಳ ಬೆನ್ನ ಹಿಂದೆ ನಾಲ್ಕನೆಯದು ಕಣ್ಣು ಮುಚ್ಚಿತು,
ಅರ್ಧ ಮಾಡಿದ ಲೆಕ್ಕದ ಸಮೇತ.

ಹಡಗಿನಲ್ಲಿ ಒಂದು ಹಗಲು, ಒಂದು ರಾತ್ರಿ.
ಅಲ್ಲಿ ಅಂಗೈಯ ನರಗಳ ಚಿತ್ರ ತೆಗೆದರಂತೆ,
ಜೇಬು ಹೊರಗೆಳೆದು ತೋರಿಸು ಅಂದರಂತೆ.
ಗಡಿಯಾರ, ಕೂದಲ ಪಿನ್ನು, ಒಂದು ಪೆಸೊ,
ಎಲ್ಲ ಲಾಕರಿಗೆ.
ಎಂಬತ್ತೈದನೆಯದನ್ನು ಒತ್ತಿದ್ದೇ
ಪರದೆ ಕಪ್ಪಾಯಿತು.
"ಅಳು ಬಂದಿತ್ತಾ?" ಕೇಳಿದೆ.
"ಇಲ್ಲ ಮನೊಂಗ್. ಕೈ ಜೇಬಿಗೆ ಹೋಯಿತು."

ಫಲಿತಾಂಶ ಇನ್ನೂ ಬಂದಿಲ್ಲ.
ಬ್ಯಾಂಡೇಜು ಬದಲಿಸಲು ದಿನ ಬಿಟ್ಟು ದಿನ ಬರುತ್ತಾಳೆ,
ಸಕ್ಕರೆ ಎಷ್ಟೆಂದು ಕೇಳಿ ಗದರುತ್ತಾಳೆ.
ನಾಲ್ಕನೆಯದರಲ್ಲಿ ಈಗ ಒಬ್ಬ ಹುಡುಗ ಕೂರುತ್ತಾನೆ,
ಕಿರುಚುವುದಿಲ್ಲ, ಆಡುವುದೂ ಇಲ್ಲ,
ಆರಿದ ಪರದೆಯ ಮುಂದೆ ಸುಮ್ಮನೆ.
ಡಬ್ಬಿ ಹಿಡಿದು, ಕಾಲೆಳೆಯುತ್ತ,
ಮೊದಲು ಅವನ ಬಳಿ ಹೋಗುತ್ತೇನೆ.